ಹಾಲಿಗೆ ಬಿದ್ದ ಓಪಲ್

ಓಪಲ್ ನೋಡುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಕಲ್ಲಿನ ವಿಷಯವಲ್ಲ, ಬಟ್ಟೆಯ ವಿಷಯ. ಬೂದು ಬಣ್ಣದ್ದು ಹಾಕಿಕೊಂಡು ಬನ್ನಿ. ಕೆಂಪು ಸೀರೆ ಉಟ್ಟು ಮೇಜಿನ ಮೇಲೆ ಬಾಗಿದರೆ ಆ ಕೆಂಪು ಕಲ್ಲಿನ ಮೈಮೇಲೆ ಬೀಳುತ್ತದೆ, ಸಪ್ಪೆ ಕಲ್ಲೂ ಒಳ್ಳೆಯದಾಗಿ ಕಾಣುತ್ತದೆ. ಜೈಪುರದಿಂದ ಬರುತ್ತಿದ್ದ ಒಬ್ಬ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಾವಾಗ ಬಂದರೂ ಕಿತ್ತಳೆ ಬಣ್ಣದ ಅಂಗಿ. ಕಲ್ಲು ಸುರಿದು, ನಮ್ಮ ಮುಂದೆ ಪೂರ್ತಿ ಬಾಗಿ ನಿಂತು, ನೋಡಿ ನೋಡಿ ಎನ್ನುತ್ತಿದ್ದ. ಒಂದು ದಿನ ನಮ್ಮ ಮೇಲಿನವರಾದ ಸುಂದರರಾಜಣ್ಣ ಕನ್ನಡಕವನ್ನು ಹಣೆಗೆ ಏರಿಸಿ, "ಸೇಟು, ಮೊದ್ಲು ಅಂಗಿ ಬಿಚ್ಚಿಟ್ಟು ಬನ್ನಿ. ಅಂಗಿಗೆ ಬೇರೆ ಬೆಲೆ ಹೇಳ್ತೀನಿ, ಕಲ್ಲಿಗೆ ಬೇರೆ ಬೆಲೆ ಹೇಳ್ತೀನಿ" ಎಂದರು. ಆತ ನಕ್ಕುಬಿಟ್ಟ. ಮುಂದಿನ ಸಲವೂ ಅದೇ ಅಂಗಿಯಲ್ಲೇ ಬಂದ.

ನಾನು ದಿಂಡಿಗಲ್ಲಿನ ಒಂದು ರತ್ನದ ಅಂಗಡಿಯಲ್ಲಿ ಓಪಲ್ ವಿಂಗಡಿಸುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಳಾದವಳು. ನನಗೆ ಯಾವಾಗ ಯಾವ ಕುರ್ಚಿ ಸಿಕ್ಕಿತು ಎಂಬುದು ಯಾರಿಗೂ ಬೇಡದ ವಿಷಯ, ಬಿಟ್ಟುಬಿಡುತ್ತೇನೆ. ನಾವು ಕಂಬಂ ಕಣಿವೆಯ ಓಡೈಪಟ್ಟಿಯವರು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಓದಿದ್ದೂ ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿತದ್ದು ಮೈಸೂರಿನ ಕಡೆಗೆ ಮದುವೆಯಾಗಿ ಹೋದ ನನ್ನ ಅಕ್ಕನಿಂದ, ಅದೂ ದೊಡ್ಡವಳಾದ ಮೇಲೆ.

ಕಲ್ಲು ನೋಡುವ ಕಣ್ಣು ನನಗೆ ಬಂದದ್ದು ದ್ರಾಕ್ಷಿ ಚಪ್ಪರದ ಕೆಳಗೆ. ಅಮ್ಮ ಗೊಂಚಲು ವಿಂಗಡಿಸುತ್ತಿದ್ದಾಗ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಬಿಸಿಲಿಗೆ ಹಿಡಿದರೆ ಎಲ್ಲ ಹಣ್ಣೂ ಮಿನುಗುತ್ತದೆ, ನೆರಳಲ್ಲಿ ನೋಡಿದರೆ ಮಾಗಿದ್ದು ಯಾವುದು, ಸುಮ್ಮನೆ ಕಪ್ಪಾದದ್ದು ಯಾವುದು ತಿಳಿಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಸುಂದರರಾಜಣ್ಣನೂ ಮೊದಲ ದಿನ ಅದನ್ನೇ ಹೇಳಿದಾಗ, ಈ ಮನುಷ್ಯ ನಮ್ಮ ತೋಟಕ್ಕೆ ಯಾವಾಗ ಬಂದಿದ್ದ ಅನಿಸಿತು. ಅವರು ವತ್ತಲಗುಂಡು ಕಡೆಯ ನಮ್ಮವರೇ. ವ್ಯಾಪಾರವೆಲ್ಲ ತಮಿಳಿನಲ್ಲಿ, ಬೈಗುಳ ಮಾತ್ರ ಮನೆಮಾತಿನಲ್ಲಿ. ನನಗೆ ಆ ಮಾತು ತಿಳಿಯುತ್ತಿದ್ದರಿಂದ ಬೈಗುಳದ ದೊಡ್ಡ ಪಾಲು ನನಗೇ ಸಿಗುತ್ತಿತ್ತು.

ಅವರ ರೀತಿ ಹೀಗಿತ್ತು. ಉತ್ತರದ ಕಿಟಕಿಯ ಬೆಳಕು. ಮೇಜಿನ ಮೇಲೆ ಬೂದು ಬಣ್ಣದ ಕಾಗದ. ಮೊದಲು ಕಲ್ಲಿನ ಮೈ ನೋಡಬೇಕು, ಅದು ಬಿಳಿಯೋ, ಗಾಜಿನಂತೆ ತಿಳಿಯೋ, ಕಪ್ಪೋ. ಆಮೇಲೆ ಒಳಗೆ ಆಡುವ ಬಣ್ಣ. ಕಲ್ಲನ್ನು ಕಣ್ಣಿನ ಹತ್ತಿರ ತರಬಾರದು, ಒಂದು ತೋಳಿನಷ್ಟು ದೂರದಲ್ಲಿಟ್ಟು ಪೂರ್ತಿ ಸುತ್ತು ತಿರುಗಿಸಬೇಕು. ಒಂದು ಕಡೆಯಿಂದ ಮಾತ್ರ ಬೆಳಗಿ ಉಳಿದ ಕಡೆ ಸುಮ್ಮನಿರುವ ಕಲ್ಲು ಬಹಳ. ಹಸಿರು, ನೀಲಿ ಸುಲಭವಾಗಿ ಸಿಗುತ್ತವೆ, ಕೆಂಪು ಅಪರೂಪ. ಬಣ್ಣವೇ ಇಲ್ಲದ ಚುಕ್ಕೆಯನ್ನು ನಾವು ಸತ್ತ ಜಾಗ ಎನ್ನುತ್ತಿದ್ದೆವು. ಇದೆಲ್ಲ ನೋಡಿ ಕಲ್ಲನ್ನು ನಾಲ್ಕು ರಾಶಿಗಳಲ್ಲಿ ಒಂದಕ್ಕೆ ಹಾಕಬೇಕು. ಮಂಕು, ಮಿಣುಕು, ಹೊಳಪು, ಉರಿ. ಹೊರದೇಶದವರು ಇದಕ್ಕೆ ಅಂಕಿ ಕೊಡುತ್ತಾರೆ, ನಮ್ಮ ಮೇಜಿನಲ್ಲಿ ಈ ನಾಲ್ಕು ಹೆಸರು. ನೆರಳಿನಲ್ಲೂ ಬೆಳಗುವುದು ಮಾತ್ರ ಉರಿ. ಮೊದಲಿನ ದಿನಗಳಲ್ಲಿ ನನಗೆ ಎಲ್ಲವೂ ಉರಿಯೇ. ಸುಂದರರಾಜಣ್ಣ ಆ ರಾಶಿ ನೋಡಿ, "ಏನಮ್ಮ ಮಲ್ಲಿಕಾ, ಅಂಗಡಿಗೇ ಬೆಂಕಿ ಹಚ್ಬುಟ್ಟಾ?" ಎಂದು ಕೇಳಿದರು.

ಈಗ ಕಿಟಕಿಯ ಜಾಗಕ್ಕೆ ದೀಪದ ಪೆಟ್ಟಿಗೆ ಬಂದಿದೆ. ನನ್ನ ಜಾಗದಲ್ಲಿ ಕೂರುವ ದಿವ್ಯಾ ಕಲ್ಲನ್ನು ಬೆರಳಿನ ಮೇಲಿಟ್ಟು, ಫೋನಿನಲ್ಲಿ ವಿಡಿಯೊ ತೆಗೆದು ಕೊಯಮತ್ತೂರಿಗೆ ಕಳಿಸುತ್ತಾಳೆ. ಚೂಟಿ ಹುಡುಗಿ. ಆದರೆ ಆ ಪ್ರಖರ ದೀಪದಡಿ ಮಿಣುಕು ಕೂಡ ಉರಿಯಾಗುತ್ತದೆ, ಕಲ್ಲು ಕೈಸೇರಿದ ಮೇಲೆ ಗಿರಾಕಿ ಮುಖ ಗಂಟು ಹಾಕಿಕೊಂಡು ವಾಪಸು ಕಳಿಸುತ್ತಾನೆ. ಕಿಟಕಿಯ ಹತ್ತಿರ ಇನ್ನೊಂದು ವಿಡಿಯೊ ತೆಗೆದು ಎರಡನ್ನೂ ಕಳಿಸು ಎಂದು ಹೇಳಿಕೊಟ್ಟೆ. ಮನೆಮಾತು ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಸರಿಂಗಕ್ಕಾ" ಎಂದಳು, ಹಾಗೇ ಮಾಡುತ್ತಿದ್ದಾಳೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ದೀಪದಿಂದ ಬಂದದ್ದಲ್ಲ, ಕಲ್ಲಿನಿಂದಲೇ ಬಂದದ್ದು. ನಾನು ಸೇರಿದಾಗ ನಮಗೆ ಬರುತ್ತಿದ್ದದ್ದು ಆಸ್ಟ್ರೇಲಿಯಾದ ಓಪಲ್. ಕಚ್ಚಾ ಕಲ್ಲಿನ ಒಳಬಣ್ಣ ನೋಡಬೇಕಾದರೆ ಅದನ್ನು ಒದ್ದೆ ಮಾಡುವುದು ವಾಡಿಕೆ. ಅದಕ್ಕೆಂದೇ ಮೇಜಿನ ಮೇಲೆ ಒಂದು ನೀರಿನ ಬಟ್ಟಲು. ಆತುರವಿದ್ದವರು ನಾಲಗೆಯಲ್ಲೇ ಕೆಲಸ ಮುಗಿಸುತ್ತಿದ್ದರು. ಆಮೇಲೆ ಇಥಿಯೋಪಿಯಾದ ಕಲ್ಲು ಬರತೊಡಗಿತು. ಬೆಲೆ ಕಡಿಮೆ, ಬಣ್ಣವೋ ಕಣ್ಣು ಕೋರೈಸುವಂಥದ್ದು. ಮೊದಲ ಪೊಟ್ಟಣ ಬಿಚ್ಚಿದ ದಿನ ಸುಂದರರಾಜಣ್ಣ ಇದ್ದುದರಲ್ಲೇ ಚಂದದ ಕಲ್ಲನ್ನು ಆರಿಸಿ, ವಾಡಿಕೆಯಂತೆ ಬಟ್ಟಲಿಗೆ ಹಾಕಿ ಕಾಫಿ ಕುಡಿಯಲು ಹೋದರು. ಬಂದು ನೋಡಿದರೆ ಬಟ್ಟಲಲ್ಲಿ ಕಲ್ಲೇ ಇಲ್ಲ. ಬೆರಳು ಹಾಕಿ ತಡಕಿದರೆ ಸಿಕ್ಕಿತು, ನೀರಿಗಿಂತ ತಿಳಿಯಾಗಿ, ಒಂದು ಬಣ್ಣವೂ ಇಲ್ಲದೆ.

"ಮಲ್ಲಿಕಾ, ನಾನ್ ಏನ್ ಮಾಡ್ಬುಟ್ಟೆ ಇಪ್ಪ? ಒಳಗಿದ್ದದ್ದೆಲ್ಲ ಎಲ್ಲಿ ಹೋಯ್ತು?" ಎಂದು ತಲೆಯ ಮೇಲೆ ಕೈಹೊತ್ತು ಕುಳಿತರು. ಅವರನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ. ಕಲ್ಲನ್ನು ಕಾಗದದ ಮೇಲಿಟ್ಟು ಮರೆತೆವು. ಒಂದೆರಡು ದಿನ ಕಳೆದ ಮೇಲೆ ಅದು ತಾನಾಗಿಯೇ ಒಣಗಿ, ಬಣ್ಣವೆಲ್ಲ ಮರಳಿ ಬಂದಿತ್ತು. ಆ ಜಾತಿಯ ಕಲ್ಲಿನ ಮೈಯೆಲ್ಲ ಕಣ್ಣಿಗೆ ಕಾಣದ ತೂತು, ನೀರು ಕುಡಿಯುತ್ತದೆ, ಕುಡಿದಾಗ ಬಣ್ಣ ಕಳೆದುಕೊಳ್ಳುತ್ತದೆ ಎಂದು ಆಮೇಲೆ ಕೇಳಿ ತಿಳಿದೆವು. ಸುಂದರರಾಜಣ್ಣ ನೀರಿನ ಬಟ್ಟಲನ್ನು ಎತ್ತಿ ಕಿಟಕಿಯ ಹೊರಗಿಟ್ಟರು. ಅವರು ನಿವೃತ್ತರಾಗುವವರೆಗೂ ಅದರಲ್ಲಿ ಕಾಗೆ ನೀರು ಕುಡಿಯಿತು.

ಅಂದಿನಿಂದ ಆ ಕಲ್ಲು ಕೊಳ್ಳುವವರಿಗೆಲ್ಲ ನೀರು ತಾಗಿಸಬೇಡಿ ಎಂದು ಹೇಳಿ ಕಳಿಸುತ್ತಿದ್ದೆವು. ಈಗ ನಮ್ಮ ಅಂಗಡಿಯಲ್ಲಿ ಹಾಗೆ ಹೇಳುವುದಿಲ್ಲ. ನೀರು, ಹಾಲು, ಎಣ್ಣೆ, ಅರಿಶಿನ, ಪನ್ನೀರು ಎಂದು ಒಂದೊಂದರ ಹೆಸರು ಹಿಡಿದು ಹೇಳುತ್ತಾರೆ. ಅದು ಯಾಕೆ ಎಂಬುದನ್ನು ಬರೆಯಬೇಕೆಂದೇ ನಾನು ಇಷ್ಟು ಹೊತ್ತು ಪೀಠಿಕೆ ಹಾಕಿದ್ದು.

ಉತ್ತಮಪಾಳಯಂನಲ್ಲಿ ಮಾಯಾಂಡಿ ಆಚಾರಿ ಎಂಬ ಅಕ್ಕಸಾಲಿಗರಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಪಟ್ಟರೆ, ಅಂದರೆ ಚಿನ್ನದ ಕೆಲಸ ಮಾಡುವ ಕೋಣೆ. ಅವರು ತಮಿಳರು. ಆದರೆ ಅವರ ತಂದೆಯ ಕಾಲದಿಂದ ನಮ್ಮ ಕನ್ನಡದ ಮನೆಗಳಿಗೇ ಕೆಲಸ ಮಾಡಿ ಮಾಡಿ ನಮ್ಮ ಮಾತನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಆಡುತ್ತಿದ್ದರು. ಅವರಿಗೂ ನಮ್ಮವರಿಗೂ ಒಂದು ಪದ್ಧತಿ ಇತ್ತು. ನಮ್ಮ ಹೆಂಗಸರು ಚಿನ್ನವನ್ನು ತೂಕ ಹಾಕದೆ ಕೊಡುತ್ತಿದ್ದರು, ತೂಕ ಕೇಳದೆ ಈಸಿಕೊಳ್ಳುತ್ತಿದ್ದರು. ಸೆರಗಿನ ಗಂಟಿನಿಂದ ಬಿಚ್ಚಿ ಹಲಗೆಯ ಮೇಲಿಟ್ಟು, ಒಂದು ಸರ ಮಾಡಿ ಆಚಾರಿ ಎಂದು ಹೇಳಿ ಬಸ್ಸು ಹತ್ತಿಬಿಡುತ್ತಿದ್ದರು. ಆಚಾರಿಯ ತಕ್ಕಡಿ ಇದ್ದದ್ದು ಅವರ ಕೆಲಸಕ್ಕೆ, ಗಿರಾಕಿಗಲ್ಲ. ಗಿರಾಕಿಯ ಮುಂದೆ ತಕ್ಕಡಿ ತೆಗೆದರೆ ಅದು ಮರ್ಯಾದೆಗೆ ಕುಂದು ಎಂದು ಎರಡು ಕಡೆಯವರೂ ತಿಳಿದಿದ್ದರು.

ಅದೇ ಊರಿನಲ್ಲಿ ಬಾಳೆತೋಟ ಮಾಡುವ ಕೃಷ್ಣಪ್ಪ ನನಗೆ ವರಸೆಯಲ್ಲಿ ಅಣ್ಣ. ಅವನ ಮಗಳನ್ನು ಆಂಡಿಪಟ್ಟಿಯ ಒಂದು ಮನೆಗೆ ಕೊಡುವ ಮಾತಾಗಿತ್ತು. ಹುಡುಗನ ಜಾತಕ ನೋಡಿದ ಜೋಯಿಸರು ಶುಕ್ರನಿಗೆ ಓಪಲ್ ಉಂಗುರ ಹಾಕಲಿ ಎಂದರಂತೆ. ನಿಶ್ಚಯದ ದಿನ ಹೆಣ್ಣಿನ ಕಡೆಯವರು ಅದನ್ನು ಹುಡುಗನ ಬೆರಳಿಗೆ ತೊಡಿಸುವುದೆಂದು ತೀರ್ಮಾನವಾಯಿತು. ಕೃಷ್ಣಪ್ಪಣ್ಣ ದಿಂಡಿಗಲ್ಲಿಗೆ ಬಂದ. ಇಥಿಯೋಪಿಯಾದ್ದರಲ್ಲಿ ಒಂದನ್ನು ನಾನೇ ಆರಿಸಿಕೊಟ್ಟೆ. ಮೊದಲು ಅದನ್ನು ಉರಿಯ ರಾಶಿಗೆ ಹಾಕಬೇಕೆಂದಿದ್ದೆ, ಅಂಚಿನಲ್ಲಿ ನುಚ್ಚಕ್ಕಿಯಷ್ಟು ಸತ್ತ ಜಾಗ ಕಂಡು ಹೊಳಪಿಗೆ ಇಳಿಸಿದ್ದೆ. ಮಾಯಾಂಡಿ ಆಚಾರಿ ಅದನ್ನು ಉಂಗುರಕ್ಕೆ ಕೂರಿಸಿದರು. ಗ್ರಹದ ಉಂಗುರವಾದ್ದರಿಂದ ಕಲ್ಲು ಮೈಗೆ ತಾಗುವ ಹಾಗೆ ಹಿಂಬದಿ ತೆರೆದಿತ್ತು. ನೀನೊಮ್ಮೆ ನೋಡಿಬಿಡು ಎಂದು ಅಣ್ಣ ಉಂಗುರವನ್ನು ಮತ್ತೆ ನಮ್ಮ ಅಂಗಡಿಗೆ ತಂದ. ಕಿಟಕಿಯ ಬೆಳಕಿಗೆ ಸುತ್ತ ತಿರುಗಿಸಿ ನೋಡಿದೆ. ನಮ್ಮಲ್ಲಿ ಒಳಗೆ ಬಂದದ್ದನ್ನೆಲ್ಲ ತೂಕ ಹಾಕುವ ಅಭ್ಯಾಸ, ಪೊಟ್ಟಣದ ಮೇಲೆ ತೂಕ ಬರೆದು ಕೊಟ್ಟೆವು. ನೀರು ತಾಗಿಸಬೇಡಿ ಎಂದು ಎರಡು ಸಲ ಹೇಳಿದೆ. ಅಣ್ಣ ತಲೆಯಾಡಿಸಿದ. ಊರಿಗೆ ಹೋದವನು ಒಣಬಟ್ಟೆಯ ಕೊನೆಯ ಮೆರುಗಿಗೆಂದು ಉಂಗುರವನ್ನು ಮತ್ತೆ ಒಂದು ದಿನ ಆಚಾರಿಯ ಹತ್ತಿರ ಬಿಟ್ಟಿದ್ದನಂತೆ.

ನಿಶ್ಚಯದ ದಿನ ಬೆಳಿಗ್ಗೆ ಅವನ ಫೋನು.

"ತಂಗಚ್ಚಿ, ಮೋಸ ಹೋದ್ವಮ್ಮ. ಆಚಾರಿ ಕಲ್ಲು ಮಾತ್ತಿಬುಟ್ಟ, ನಮ್ದು ತೆಗ್ದು ಬೇರೆ ಇಟ್ಟವ್ನೆ. ಬೀಗ್ರು ಬಂದು ಕುಂತವ್ರೆ. ಉಂಗ್ರದಲ್ಲಿ ಗಾಜು ಅದೆ."

ಅದೇ ಜಾತಿಯ ಒಂದು ಸಣ್ಣ ಕಲ್ಲನ್ನೂ ಅಂಗಡಿಯ ಪುಟ್ಟ ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಂಡು ತೇನಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾಯಾಂಡಿ ಆಚಾರಿಯ ಮುಖವೇ ಕಣ್ಣೆದುರಿಗಿತ್ತು. ನನ್ನ ಮದುವೆಯ ತಾಳಿ ಮಾಡಿದವರು ಅವರು.

ಕೃಷ್ಣಪ್ಪಣ್ಣನ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರು ಕುಳಿತಿದ್ದರು. ಉಂಗುರ ಒಂದು ತಟ್ಟೆಯಲ್ಲಿತ್ತು. ಕಲ್ಲು ಹರಳೆಣ್ಣೆಯ ಹನಿಯಂತೆ ತಿಳಿಹಳದಿಯಾಗಿತ್ತು, ಒಳಗೆ ಏನೂ ಇಲ್ಲ. ನಾನು ಬರುವ ಮೊದಲೇ ಯಾರೋ ಅದನ್ನು ಬೀದಿಯ ಅಂಗಡಿಯಲ್ಲಿ ತೂಗಿಸಿ ತಂದಿದ್ದರು. ನಮ್ಮ ಪೊಟ್ಟಣದ ಮೇಲಿನ ತೂಕಕ್ಕಿಂತ ಚೂರು ಜಾಸ್ತಿ. ಓಪಲ್ಲಿಗಿಂತ ಗಾಜು ಭಾರ ಎಂದು ಆ ಅಂಗಡಿಯವನು ಹೇಳಿದ್ದನಂತೆ. ಅಷ್ಟಾದ ಮೇಲೆ ಇನ್ನೇನು ಬೇಕು?

"ಇದಕ್ಕೆ ನೀರು ಹಾಕಿದ್ರಾ?" ಎಂದು ಕೇಳಿದೆ.

ಕೃಷ್ಣಪ್ಪಣ್ಣನ ಅಕ್ಕ ರಂಗಮ್ಮ ಕೆರಳಿದಳು. ಆ ಮನೆಯ ಯಜಮಾನಿಕೆ ಅವಳದ್ದೇ. "ನೀರು ತಾಕಿಸ್ಬೇಡಿ ಅಂತ ನೀನೇ ಹೇಳ್ ಕಳ್ಸಿದ್ದೆ ತಾನೆ? ನಾನೇನ್ ಕಿವುಡಿಯಾ? ಅದಕ್ಕೇ ನಮ್ ಹಸಿನ ಹಾಲು ನಾನೇ ಕರ್ದು, ಒಂದು ತೊಟ್ಟು ನೀರು ಬೆರಸ್ದೆ, ಅದ್ರಲ್ಲಿ ಮುಳುಗ್ಸಿ ಇಟ್ಟೆ. ಚೊಂಬನ್ನೂ ಬಟ್ಟೇಲಿ ಒರ್ಸಿ ಒಣಗ್ಸಿದ್ದೆ!"

ನಮ್ಮ ಮನೆಗಳಲ್ಲಿ ಹೊಸ ಕಲ್ಲು ಮೈಗೆ ತಾಗುವ ಮೊದಲು ಹಸಿ ಹಾಲಿನಲ್ಲಿ ಮಿಂದಿರಬೇಕು. ಶುಕ್ರನ ಕಲ್ಲಾದರೆ ಗುರುವಾರ ಸಂಜೆ ಹಾಕಿ ಶುಕ್ರವಾರ ಬೆಳಿಗ್ಗೆ ತೆಗೆಯುವುದು. ಅಕ್ಕ ನನ್ನ ಮಾತನ್ನೂ ಮೀರಿರಲಿಲ್ಲ, ಶಾಸ್ತ್ರವನ್ನೂ ಬಿಟ್ಟಿರಲಿಲ್ಲ. ಹಾಲು ನೀರಲ್ಲವಲ್ಲ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಡೆದದ್ದನ್ನು ಬಿಡಿಸಿ ಹೇಳಿದೆ. ಯಾರೂ ನಂಬಲಿಲ್ಲ. ಚೀಲದಿಂದ ನನ್ನ ಸಣ್ಣ ಕಲ್ಲು ತೆಗೆದು ಎಲ್ಲರ ಕೈಗೂ ಕೊಟ್ಟೆ, ತೂಕ ಹಾಕಿ ತೋರಿಸಿದೆ, ಒಂದು ಲೋಟ ನೀರಿಗೆ ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದರ ಬಣ್ಣ ಆರಿತ್ತು, ತೂಕ ಏರಿತ್ತು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಆಂಡಿಪಟ್ಟಿಯ ಬೀಗರು, ಅಂದರೆ ಹುಡುಗನ ತಂದೆ, ಮಳೆ ನಂಬಿ ಬೇಸಾಯ ಮಾಡುವವರು, ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

"ಕಲ್ಲು ನೀರು ಕುಡೀತದೆ, ಸರಿಯಮ್ಮ. ಅದು ನಿನ್ ಚೀಲದಿಂದ ಬಂದ ಕಲ್ಲು. ಉಂಗ್ರದಲ್ಲಿರೋದೂ ಅದೇ ಜಾತಿ ಅಂತಾನೇ ಇಟ್ಕೊ. ಒಳ್ಳೇದನ್ನ ತೆಗ್ದು, ಕೀಳಾದದ್ದನ್ನ ಕೂರ್ಸಿರಬೋದಲ್ಲ? ನೀನ್ ಕಲ್ಲು ಮಾರಿದವಳು. ಬೇರೆ ಹೆಂಗೆ ಹೇಳ್ತೀಯ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿ ಅದು ಓಪಲ್ ಎಂದು ನನಗೆ ತಿಳಿದಿತ್ತು. ಅದೇ ಓಪಲ್ ಎಂದು ತೋರಿಸಲು ಅದರ ಬಣ್ಣ ಬೇಕು, ಬಣ್ಣವೇ ಇರಲಿಲ್ಲ. ಅಷ್ಟರಲ್ಲಿ ಊರ ಹಿರಿಯರು ಯಾರೋ, ಮಾಯಾಂಡಿ ಆಚಾರಿ ದೇವಸ್ಥಾನದಲ್ಲಿ ಕರ್ಪೂರ ಹಚ್ಚಿ, ಕೈಯಿಂದ ಆರಿಸಿ ಸತ್ಯ ಮಾಡಲಿ ಎಂದರಂತೆ. ನಮ್ಮ ಕಡೆ ಜಗಳಕ್ಕೆ ಅದೇ ಕೊನೆಯ ತೀರ್ಪು. ಆಚಾರಿ ಒಲ್ಲೆ ಎಂದಿದ್ದರು. ಒಲ್ಲೆ ಎಂದ ಮೇಲೆ ಕಳ್ಳನೇ ಸರಿ ಎಂದು ಬೀದಿ ಮಾತಾಡುತ್ತಿತ್ತು.

ನಾನು ಎಲ್ಲರ ಮುಂದೆ ಹೇಳಿದೆ: "ಕೇಳಿ. ಈ ಕಲ್ಲು ಒಣಗಿದ ಮೇಲೆ, ಉಂಗ್ರದ ಒಳಗಡೆ ಆಚಾರಿ ಮುದ್ರೆ ಇರೋ ಕಡೆ ನಿಮ್ಮ ಕಡೆಗಿಟ್ಟು ನೋಡಿ. ಎಡಗಡೆ ಅಂಚಲ್ಲಿ ಎಳ್ಳಿನಷ್ಟು ಕೆಂಪು ಇರ್ತದೆ. ಬಾಗ್ಲ ಕಡೆ ತಿರುಗ್ಸಿದ್ರೆ ಅದೇ ಜಾಗ ಹಸ್ರಾಗ್ತದೆ. ಅದರ ಪಕ್ಕದಲ್ಲೇ ನುಚ್ಚಕ್ಕಿಯಷ್ಟು ಸತ್ತ ಜಾಗ. ಹೆಂಗೆ ತಿರುಗ್ಸಿದ್ರೂ ಅಲ್ಲಿ ಬಣ್ಣ ಬರೋದಿಲ್ಲೆ. ಇಂಥದ್ದು ಇನ್ನೊಂದು ಕಲ್ಲಲ್ಲಿ ಇದೇ ಜಾಗದಲ್ಲಿ ಇರೋಕೆ ಸಾಧ್ಯ ಇಲ್ಲೆ."

"ಬರದಿದ್ರೆ?" ಎಂದರು ಬೀಗರು.

"ಬರದಿದ್ರೆ ಆಚಾರಿ ಜೊತೆಗೆ ನನ್ನನ್ನೂ ಕರ್ಪೂರದ ಮುಂದೆ ನಿಲ್ಸಿ."

ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು. ಯಾಕೆಂದರೆ ನಾನು ಕಂಡಿದ್ದು ನೀರು ಕುಡಿದ ಕಲ್ಲನ್ನು. ಹಾಲು ಕುಡಿದದ್ದನ್ನು ಕಂಡಿರಲಿಲ್ಲ. ಹಾಲಿನಲ್ಲಿ ಜಿಡ್ಡು ಇದೆ. ಅದು ತೂತುಗಳಲ್ಲೇ ಕುಳಿತುಬಿಟ್ಟರೆ? ಹಿತ್ತಲಿಗೆ ಹೋಗಿ ಸುಂದರರಾಜಣ್ಣನಿಗೆ ಫೋನು ಮಾಡಿದೆ. ಆಗ ಅವರು ನಿವೃತ್ತರಾಗಿ ಊರಲ್ಲಿದ್ದರು.

"ಹಾಲಾ? ಜೊತೆಗೆ ಬೆಲ್ಲ ಏಲಕ್ಕಿ ಹಾಕಿಲ್ಲೆ ತಾನೆ?" ಎಂದು ನಕ್ಕರು. ನಾನು ನಗದಿದ್ದಾಗ ದನಿ ತಗ್ಗಿಸಿದರು. "ನಾನೂ ನೋಡಿಲ್ಲಮ್ಮ. ಮೊದ್ಲು ಒಳ್ಳೆ ನೀರಲ್ಲಿ ನೆನೆಹಾಕಿ ಹಾಲು ಬಿಡ್ಸು. ಆಮೇಲೆ ಬಿಸ್ಲು ತೋರ್ಸದೆ ಒಣಗ್ಸು. ಆತುರ ಪಟ್ರೆ ಕಲ್ಲು ಬಿರೀತದೆ. ಬಿರಿದ್ರೆ ಆಚಾರಿ ಕಥೆ ಮುಗೀತು."

ನಾನು ಉಂಗುರವನ್ನು ನೀರಿಗೆ ಹಾಕುವುದನ್ನು ಕಂಡು ರಂಗಮ್ಮಕ್ಕ, "ನಮಗೆ ಬೇಡ ಅಂದು ಇಪ್ಪ ನೀನೇ ಹಾಕ್ತಿಯಲ್ಲೇ!" ಎಂದು ಕೂಗಾಡಿದಳು. ನೀರು ಎರಡು ಮೂರು ಸಲ ಬದಲಾಯಿಸಿದ ಮೇಲೆ ಉಂಗುರವನ್ನು ಒಂದು ಹತ್ತಿಬಟ್ಟೆಯ ಮೇಲಿಟ್ಟು, ಅಡುಗೆಮನೆಯ ಬಲೆಬಾಗಿಲಿನ ಕಪಾಟಿನಲ್ಲಿ ಇಟ್ಟೆವು. ಗಾಳಿಯಾಡುತ್ತದೆ, ಬಿಸಿಲು ಬೀಳುವುದಿಲ್ಲ. ಬೀಗರು ಅದಕ್ಕೆ ತಮ್ಮದೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಂಡಿಪಟ್ಟಿಗೆ ಹೋದರು. ಕಲ್ಲು ಒಣಗಲಿ, ಆಮೇಲೆ ನಿಶ್ಚಯದ ಮಾತು ಎಂದು ಹೇಳಿ ಹೋದರು. ಕೃಷ್ಣಪ್ಪಣ್ಣನ ಮಗಳು ಉಟ್ಟಿದ್ದ ಪಟ್ಟೆಸೀರೆ ಬಿಚ್ಚಿ ಮಡಿಸುತ್ತಿದ್ದಳು. ನಾನು ರಜೆ ಹಾಕಿ ಅಲ್ಲೇ ಉಳಿದೆ.

ಮರುದಿನ ಪಟ್ಟರೆಗೆ ಹೋದೆ. ಮಾಯಾಂಡಿ ಆಚಾರಿ ಹಲಗೆಯ ಮುಂದೆ ಕುಳಿತಿದ್ದರು, ಒಲೆ ಹೊತ್ತಿಸಿರಲಿಲ್ಲ.

"ಬಾ ತಾಯಿ. ನೀನೂ ಏನಾದ್ರೂ ವಾಪಸ್ ತಕ್ಕೊಳ್ಳೋಕೆ ಬಂದ್ಯಾ?"

ಇಲ್ಲ ಎಂದೆ. ಕಲ್ಲು ಒಣಗುತ್ತಿದೆ, ಎಲ್ಲ ಸರಿಹೋಗುತ್ತದೆ ಎಂದೆ. ಅವರು ಕಲ್ಲಿನ ಮಾತನ್ನೇ ಎತ್ತಲಿಲ್ಲ.

"ಕರ್ಪೂರ ಆರ್ಸು ಅಂತಾರೆ. ಆರಿಸ್ದೆ ಅಂತ ಇಟ್ಕೊ, ಈ ಕಲ್ಲಿಗೆ ಸತ್ಯ ಆಯ್ತು. ನಾಳೆ ಯಾರ್ದೋ ಓಲೆ, ನಾಡಿದ್ದು ಯಾರ್ದೋ ಸರ. ದಿನಾ ಕರ್ಪೂರ ಆರ್ಸಿಕೊಂಡು ಕೂರ್ಬೇಕಾ ತಾಯಿ? ಅಪ್ಪುರಂ ಕೆಲ್ಸ ಯಾವಾಗ ಮಾಡೋದು?"

ನಾವು ಮಾತಾಡುತ್ತಿದ್ದಾಗಲೇ ಒಬ್ಬ ಹೆಂಗಸು ಬಂದಳು. ಅರ್ಧ ಆಗಿದ್ದ ಸರವನ್ನು ಹಾಗೇ ಕೊಟ್ಟುಬಿಡಿ, ಮನೆಯಲ್ಲಿ ಅವಸರವಿದೆ ಎಂದಳು. ಆಚಾರಿ ಎತ್ತಿ ಕೊಟ್ಟರು. ಅವಳು ಮೆಟ್ಟಿಲಿಳಿದು ಎದುರಿನ ಅಂಗಡಿಯ ತಕ್ಕಡಿಯತ್ತ ನೇರ ನಡೆದಳು. ನಾವಿಬ್ಬರೂ ಅದನ್ನು ನೋಡಿದೆವು. ನನಗೆ ಎಷ್ಟು ಅವಮಾನವಾಯಿತೆಂದರೆ, ಕಳ್ಳತನ ನಾನೇ ಮಾಡಿದ್ದರೂ ಅಷ್ಟಾಗುತ್ತಿರಲಿಲ್ಲ.

ಇತ್ತ ಕಲ್ಲು ನನ್ನನ್ನು ಸತಾಯಿಸುತ್ತಿತ್ತು. ತಿಳಿಯಾಗಿದ್ದದ್ದು ಒಣಗುತ್ತಾ ಬಂದು ಪೂರ್ತಿ ಬೆಳ್ಳಗಾಯಿತು. ರಂಗಮ್ಮಕ್ಕ ಬಲೆಯೊಳಗೆ ಇಣುಕಿ, "ಅಯ್ಯೋ, ಒಳಗಿದ್ದ ಹಾಲು ಮೊಸರಾಯ್ತು!" ಎಂದು ಮನೆಯೆಲ್ಲ ಕೇಳುವ ಹಾಗೆ ಸಾರಿದಳು. ಒಣಗುವಾಗ ನಡುವೆ ಹಾಗೆ ಬೆಳ್ಳಗಾಗುವುದುಂಟು, ನೀರು ಕುಡಿದ ಕಲ್ಲಿನಲ್ಲೂ ನೋಡಿದ್ದೆ. ಆದರೆ ಅದು ಬೇಗ ಕಳೆಯುತ್ತಿತ್ತು, ಇದು ಕಳೆಯಲೊಲ್ಲದು. ನಡುವೆ ಬಂದ ಬೀಗರು ನೋಡಿ, ಉಂಗುರವನ್ನು ತಾರಸಿಯ ಬಿಸಿಲಿಗೆ ಇಟ್ಟು ಒಂದೇ ದಿನಕ್ಕೆ ಇತ್ಯರ್ಥ ಮಾಡೋಣ ಎಂದರು. ನಾನು ಕಪಾಟಿಗೆ ಅಡ್ಡ ನಿಂತೆ. "ಇಷ್ಟು ದಿನ ಕಾ‌ದಿದ್ದೀರಿ, ಇನ್ನೆರಡು ದಿನ ಹೊಟ್ಟೆಗೆ ಹಾಕ್ಕೊಳ್ಳಿ ಮಾಮಾ" ಎಂದು ಕೈ ಮುಗಿದೆ. ಗೊಣಗಿಕೊಂಡು ಹೋದರು.

ಒಂದು ಬೆಳಿಗ್ಗೆ ಬಲೆಯ ಹೊರಗಿನಿಂದ ನೋಡಿದಾಗ ಅಂಚಿನಲ್ಲಿ ದಾರದಷ್ಟು ಹಸಿರು ಕಂಡಿತು. ಮರುದಿನ ನೀಲಿ. ಅಣ್ಣ ಆಂಡಿಪಟ್ಟಿಗೆ ಫೋನು ಮಾಡಿದ. ಬೀಗರು ಬಂದು ಬೀಗ ತೆಗೆದರು. ಉಂಗುರವನ್ನು ನಾನು ಮುಟ್ಟಲಿಲ್ಲ. ನೀವೇ ಹಿಡಿದು ನೋಡಿ ಎಂದೆ.

ಅವರು ಕನ್ನಡಕ ಹಾಕಿಕೊಂಡು, ಒಳಗಿನ ಮುದ್ರೆಯನ್ನು ತಮ್ಮ ಕಡೆಗಿಟ್ಟು ನೋಡಿದರು. ಬಾಗಿಲ ಕಡೆ ತಿರುಗಿಸಿದರು. ಮತ್ತೆ ತಮ್ಮ ಕಡೆಗೆ ತಿರುಗಿಸಿದರು.

"ಎಳ್ಳು ಅದೆ," ಎಂದರು ಕೊನೆಗೆ. "ಕೆಂಪಗೆ ಅದೆ. ಅತ್ತ ತಿರುಗ್ಸಿದ್ರೆ ಹಸ್ರಾಗ್ತದೆ. ಪಕ್ಕದಲ್ಲಿ ನುಚ್ಚಕ್ಕೀನೂ ಅದೆ." ಉಂಗುರವನ್ನು ತಟ್ಟೆಯಲ್ಲಿಟ್ಟು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. "ಅದೇ ಕಲ್ಲು. ಆ ಮನುಷ್ಯನ್ನ ಸುಮ್ನೆ ಕಳ್ಳ ಅಂದ್ವಿ."

ನಾನು ಅತ್ತುಬಿಟ್ಟೆ. ಹೊಳಪಿನ ರಾಶಿಗೆ ಇಳಿಸುವಾಗ ಬೈದುಕೊಂಡಿದ್ದ ಆ ಸತ್ತ ಜಾಗಕ್ಕೇ ಕೈ ಮುಗಿಯಬೇಕು ಅನಿಸಿತು.

ಬೀಗರು ಮತ್ತೆ ಕೇಳಿದರು: "ಮೊದ್ಲಿನಷ್ಟೇ ಬಂದದಾ?"

ಕಿಟಕಿಯ ಹತ್ತಿರ ಹೋಗಿ, ಒಂದು ತೋಳಿನ ದೂರದಲ್ಲಿ ಹಿಡಿದು, ಪೂರ್ತಿ ಸುತ್ತು ತಿರುಗಿಸಿ ನೋಡಿದೆ. ಬಂದಿರಲಿಲ್ಲ. ಮೈಯಲ್ಲಿ ತುಪ್ಪದ ಬಣ್ಣ ಉಳಿದುಬಿಟ್ಟಿತ್ತು, ಬಣ್ಣದ ಆಟ ಒಂದು ಮಟ್ಟ ಇಳಿದಿತ್ತು. ಕೊಟ್ಟಾಗ ಹೊಳಪು, ಈಗ ಮಿಣುಕು ಎಂದೆ. ಅಂಗಡಿಯಲ್ಲಿ ಮಾತಾಡಿ ಬೇರೆ ಕಲ್ಲು ಕೊಡಿಸುತ್ತೇನೆ ಎಂದೂ ಹೇಳಿದೆ. ಬೇಡ, ಹುಡುಗ ಇದನ್ನೇ ಹಾಕಿಕೊಳ್ಳಲಿ ಎಂದರು ಬೀಗರು. ನಿಶ್ಚಯಕ್ಕೆ ಮತ್ತೊಂದು ದಿನ ಗೊತ್ತುಮಾಡಿದರು.

ಆಮೇಲೆ ಎಲ್ಲರೂ ಪಟ್ಟರೆಗೆ ಹೊರಟೆವು. ಬೀಗರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ತಪ್ಪಾಯ್ತು ಆಚಾರಿ" ಎಂದು ಬಾಯಿ ಬಿಟ್ಟು ಹೇಳಿದರು. ಕೃಷ್ಣಪ್ಪಣ್ಣ ಕೈ ಹಿಡಿದುಕೊಂಡ. ಬೀದಿಯವರು ಮೆಟ್ಟಿಲ ತನಕ ಬಂದು ನಿಂತಿದ್ದರು. ಮಾಯಾಂಡಿ ಆಚಾರಿ ಎಲ್ಲರಿಗೂ ಕೂರಲು ಹೇಳಿ, ಎದುರಂಗಡಿಯಿಂದ ಟೀ ತರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನನಗೆ ಹಗುರವಾಯಿತು.

ರಂಗಮ್ಮಕ್ಕ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಟೀ ಮುಗಿದ ಮೇಲೆ ಮುಂದೆ ಬಂದು, ತನ್ನ ಕೈಯ ಬಳೆಯೊಂದನ್ನು ಕಷ್ಟಪಟ್ಟು ಬಿಚ್ಚಿ, ಹಲಗೆಯ ಮೇಲಿಟ್ಟಳು. ಅದಕ್ಕೆ ಬೆಸುಗೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಅದನ್ನು ರಿಪೇರಿ ಮಾಡಿಸುವ ಅವಸರ ಅವತ್ತಿಗೇನೂ ಇರಲಿಲ್ಲ. ಅವಳು ಕ್ಷಮೆ ಕೇಳಿದ್ದು ಹಾಗೆ.

"ಇದನ್ನ ಬೆಸೆದು ಇಟ್ಟಿರಿ ಆಚಾರಿ. ಯಾವಾಗ್ಲಾದ್ರೂ ಬಂದು ಈಸ್ಕೊತೀನಿ."

ಆಚಾರಿ ಬಳೆಯನ್ನು ಮುಟ್ಟಲಿಲ್ಲ. ಪಕ್ಕದ ಗೂಡಿನಿಂದ ಒಂದು ರಟ್ಟಿನ ಡಬ್ಬ ತೆಗೆದರು. ಒಳಗೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ, ತೇನಿಯಿಂದ ತರಿಸಿದ್ದು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಅದನ್ನು ಹಲಗೆಯ ನಡುವೆ, ಗಿರಾಕಿಗೆ ಅಂಕಿ ಕಾಣುವ ಹಾಗೆ ತಿರುಗಿಸಿ ಇಟ್ಟರು.

"ಇದೇನ್ ಆಚಾರಿ? ನಮ್ ಮನೆಗೂ ತಕ್ಕಡಿಯಾ?" ಎಂದಳು ಅಕ್ಕ.

"ನಿಮ್ ಮನೆಯಿಂದ್ಲೇ ಶುರು ತಾಯಿ," ಎಂದರು ಮಾಯಾಂಡಿ ಆಚಾರಿ, ತುಂಬ ಮೆತ್ತಗೆ. "ಬಳೆ ನೀವೇ ಇಡಿ. ಎಷ್ಟು ಅಂತ ನೀವೇ ಓದಿ ಹೇಳಿ."

ಅಕ್ಕ ಬಳೆಯನ್ನು ತಕ್ಕಡಿಯ ಮೇಲಿಟ್ಟಳು. ಅಂಕಿ ಮೂಡಿತು. ಅವಳ ಕಣ್ಣು ತುಂಬಿಕೊಂಡಿತ್ತು, ಓದಲಾಗಲಿಲ್ಲ. ನಾನು ಬಾಗಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ.